ಭಾವನ ಜೆಟ್ ವಿಮಾನಕ್ಕೆ ಚಪ್ಪಾಳೆ

ಭಾನುವಾರ, ನವೆಂಬರ್ ೧೭

ಕೂಗಿ ಕೂಗಿ ಗಂಟಲು ಕಟ್ಟಿದೆ. ಕಟ್ಟಲಿ, ಹಾಳಾದ್ದು.

ವಿಮಾನ ಪ್ರದರ್ಶನಗಳಲ್ಲಿ ಮೈಕು ಹಿಡಿದು ವಿವರಣೆ ಕೊಡುವುದು ನನ್ನ ಹೊಟ್ಟೆಪಾಡು. ಇವತ್ತು ಹಾರುವ ಸರದಿ ಅಕ್ಕನ ಗಂಡ, ನಮ್ಮ ಭಾವನದು. ಗುಜರಿಗೆ ಹೋಗಬೇಕಿದ್ದ ಹಳೇ ಜೆಟ್ಟನ್ನು ಅವರೇ ಕೈಯಾರೆ ರಿಪೇರಿ ಮಾಡಿ ಹಾರಿಸಿದ್ದರು. ಎರಡನೇ ಸುತ್ತಿಗೆ ಅದು ಮರಗಳ ತುದಿಯವರೆಗೆ ಇಳಿದಾಗ ಎಂಜಿನ್ ಸದ್ದೇ ಇರಲಿಲ್ಲ. ನನಗೆ ಹೊಳೆಯಬೇಕಿತ್ತು. ಆದರೆ ಮೈಕು ಒಂದು ಕ್ಷಣವೂ ಸುಮ್ಮನಿರಬಾರದು ಅನ್ನುವುದು ನಮ್ಮ ಕಸುಬಿನ ಚಟ.

"ನಿಮಗೋಸ್ಕರ ಎಂಜಿನ್ ಆಫ್ ಮಾಡ್ಕೊಂಡು ಬರ್ತಿದಾರೆ ನೋಡಿ! ಜೋರಾಗಿ ಚಪ್ಪಾಳೆ!" ಅಂದುಬಿಟ್ಟೆ.

ಎಲ್ಲರೂ ತಟ್ಟಿದರು. ರನ್‌ವೇ ಆಚೆ ಹೊಗೆ ಎದ್ದಮೇಲೂ ಕೆಲವರು ತಟ್ಟುತ್ತಲೇ ಇದ್ದರು.

ಭಾವ ಉಳಿಯಲಿಲ್ಲ.

"ಎಂಜಿನ್ ಕೈಕೊಟ್ರೆ ನೀನೇನಪ್ಪಾ ಮಾಡ್ತೀಯ?" ಅಂದರು ಮೈದಾನದ ಮೇಲ್ವಿಚಾರಕರು. ನಿಜ, ಬೀಳಿಸಿದ್ದು ನಾನಲ್ಲ. ಆದರೂ.

ಆಸ್ಪತ್ರೆಯಿಂದ ಅಕ್ಕನನ್ನು ನಾನೇ ಕರೆತಂದೆ. ಕಾರಿನಲ್ಲಿ ತನ್ನ ಅಂಗೈಗಳನ್ನೇ ನೋಡುತ್ತಾ ಕೂತಿದ್ದಳು.

"ಸದ್ದು ನಿಂತಿದ್ದು ನಂಗೆ ಗೊತ್ತಾಯ್ತು ಕಣೋ. ಆಮೇಲೆ ನೀನು ಹೇಳಿದ್ಯಲ್ಲಾ ಅಂತ ನಾನೂ ತಟ್ಟಿದೆ."

ಬಯ್ಯಲೂ ಇಲ್ಲ. ದಿನವಿಡೀ ಮಾತಾಡಿಯೇ ಬದುಕುವವನು ನಾನು, ಒಂದು ಕೈಯಲ್ಲಿ ಅವಳ ಅಂಗೈ ಹಿಡಿದುಕೊಂಡೇ ಮನೆವರೆಗೂ ಕಾರು ಓಡಿಸಿದೆ.