ಎಡಗಣ್ಣಿನ ಸುದ್ದಿ

ಭಾನುವಾರ, ಮಧ್ಯಾಹ್ನ

ನನ್ನ ಅಮ್ಮನಿಗೆ, ಕಿರಿಮಗಳ ನಮಸ್ಕಾರ.

ನಿನಗೀಗ ಅಕ್ಷರ ಕಾಣುವುದಿಲ್ಲವಂತಲ್ಲ, ಅಕ್ಕನೇ ಓದಿ ಹೇಳುತ್ತಾಳೆ. ಮಧ್ಯೆ ಬಾಯಿ ಹಾಕಬೇಡ, ಪೂರ್ತಿ ಕೇಳು. ಆಮೇಲೆ ಬೇಕಾದರೆ ಎಂದಿನಂತೆ ಇನ್ನೊಂದು ಸಲ ಓದಿಸಿಕೋ. ಒಳ್ಳೆಯ ಸುದ್ದಿಯೇ ಇದೆ.

ನನ್ನ ಎಡಗಣ್ಣಿನ ಚಿಕಿತ್ಸೆ ಮುಗಿಯಿತು. ಕಣ್ಣಿನ ಚಿಕಿತ್ಸೆ ಅಂದೆನಲ್ಲ, ಕಣ್ಣನ್ನು ಯಾರೂ ಮುಟ್ಟಲೇ ಇಲ್ಲ. ಡಾಕ್ಟರಮ್ಮ ಹೇಳುವ ಪ್ರಕಾರ ಕಣ್ಣು ಚೆನ್ನಾಗಿಯೇ ಇದೆಯಂತೆ. ಅದು ಕಳಿಸಿದ್ದನ್ನು ಮೆದುಳೇ ಚಿಕ್ಕಂದಿನಿಂದ ಕಿವಿಗೆ ಹಾಕಿಕೊಂಡಿಲ್ಲವಂತೆ. ಅದಕ್ಕೆ ಬಲಗಣ್ಣಿಗೆ ಪಟ್ಟಿ ಅಂಟಿಸಿ, ತಲೆಯ ಹಿಂಭಾಗಕ್ಕೆ ಒದ್ದೆ ಸ್ಪಂಜು ಒತ್ತಿ, ಸಣ್ಣಗೆ ಕರೆಂಟು ಬಿಡುತ್ತಾರೆ. ಹೆದರಬೇಡ, ಇರುವೆ ಹರಿದಂತಾಗುತ್ತದೆ, ಅಷ್ಟೇ. ಆ ಹೊತ್ತಿನಲ್ಲಿ ಪರದೆಯ ಮೇಲಿನ ಮಸುಕು ಗೆರೆಗಳು ಯಾವ ಕಡೆ ವಾಲಿವೆ ಎಂದು ಎಡಗಣ್ಣಿನಲ್ಲೇ ನೋಡಿ ಹೇಳಬೇಕು. ದೊಡ್ಡವರಿಗೆ ಇದು ಇನ್ನೂ ಹೊಸದು, ಗ್ಯಾರಂಟಿ ಇಲ್ಲ ಎಂದು ಮೊದಲೇ ಹೇಳಿದ್ದರು.

ನಾನು ಚಹಾ ಬಗ್ಗಿಸುವ ಚೆಂದ ನಿನಗೆ ಗೊತ್ತಲ್ಲ. ಲೋಟ ಎಷ್ಟು ದೂರದಲ್ಲಿದೆ ಎಂದು ಒಂದೇ ಕಣ್ಣಿಗೆ ಅಳತೆ ಸಿಗದೆ, ಕೆಟಲಿನ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿಯೇ ಬಗ್ಗಿಸುವುದು. ಹೊಲಿಗೆ ಅಂಗಡಿಯಲ್ಲಿ ಅದಕ್ಕೇ ನನಗೆ ಅಂದಾಜಮ್ಮ ಎಂಬ ಹೆಸರು. ಒಂದು ದಿನ ಕರೆಂಟು ಹಾಕಿಸಿಕೊಂಡು ಆಸ್ಪತ್ರೆಯಿಂದ ನೇರ ಅಂಗಡಿಗೆ ಹೋದೆ. ಎರಡೂ ಕಣ್ಣು ಸೇರಿ ನೋಡಿದರೆ, ಲೋಟ ಮೇಜಿನಿಂದ ಎದ್ದು ಮುಂದೆ ಬಂದು ನಿಂತಿತ್ತು ಅಮ್ಮಾ. ಕೆಟಲನ್ನು ಎತ್ತರಕ್ಕೆ ಹಿಡಿದು, ಎಲ್ಲೂ ತಾಗಿಸದೆ ಬಗ್ಗಿಸಿದೆ. ಒಂದು ಹನಿ ಆಚೆ ಬೀಳಲಿಲ್ಲ. ನಮ್ಮ ಟೈಲರ್ ಮಾಸ್ಟರು ಕತ್ತರಿ ಕೆಳಗಿಟ್ಟು, "ಇನ್ಮೇಲೆ ನಿನ್ನನ್ನ ಏನಂತ ಕರೆಯೋದಮ್ಮ?" ಅಂದರು. ನಾನು ಅಲ್ಲೇ ಅತ್ತುಬಿಟ್ಟೆ.

ಅವತ್ತಿನಿಂದ ಹಾಗೇ ಕಾಣುತ್ತಿದೆ. ಆದ್ದರಿಂದ ಇನ್ನು ಆ ಹಳೇ ಮಾತು ಬಿಡು. ಚಿಕ್ಕಂದಿನಲ್ಲಿ ಪಟ್ಟಿ ಅಂಟಿಸಿದರೆ ನಾನು ಬಾಗಿಲಿಗೆ ಡಿಕ್ಕಿ ಹೊಡೆದು ಅಳುತ್ತಿದ್ದೆ. ನಿನಗೆ ಕರುಳು ಚುರ್ರೆಂದು ನೀನೇ ಪಟ್ಟಿ ಕಿತ್ತುಬಿಡುತ್ತಿದ್ದೆ, ಅಪ್ಪ ಬರುವ ಹೊತ್ತಿಗೆ ಮತ್ತೆ ಅಂಟಿಸುತ್ತಿದ್ದೆ. "ನನ್ನ ಕೈಯಾರೆ ಮಗಳ ಕಣ್ಣು ಕಳೆದೆ" ಎಂದು ಹಾಸಿಗೆ ಹಿಡಿದ ಮೇಲೂ ಕೊರಗುತ್ತೀಯಂತೆ. ಅದನ್ನು ಕೇಳಿದಾಗೆಲ್ಲ ನನಗೆ ತಡೆಯಲಾಗುವುದಿಲ್ಲ. ಕಳೆದದ್ದು ಸಿಕ್ಕಿತಲ್ಲ, ಇನ್ನೇನು? ಹೊಟ್ಟೆ ತುಂಬ ಊಟ ಮಾಡು. ಅಕ್ಕನ ಮೇಲೆ ರೇಗಬೇಡ.

ನಿನ್ನ ಮುದ್ದಿನ,
ಮಾಜಿ ಅಂದಾಜಮ್ಮ

ಮತ್ತೊಂದು ಮಾತು: ಅಕ್ಕಾ, ಇಲ್ಲಿಂದ ಮುಂದಕ್ಕೆ ಗಟ್ಟಿಯಾಗಿ ಓದಬೇಡ. ಲೋಟ ಎದ್ದು ನಿಂತದ್ದು ನಿಜ. ಆದರೆ ಸಂಜೆಯೊಳಗೆ ಮತ್ತೆ ಮೇಜಿಗೆ ಅಂಟಿಕೊಂಡಿತು. ಆಮೇಲೆ ಎಷ್ಟು ಸಲ ಕರೆಂಟು ಬಿಟ್ಟರೂ ಏಳಲಿಲ್ಲ. ಕೊನೆಯ ದಿನ ಡಾಕ್ಟರಮ್ಮ, ಚಿಕ್ಕ ವಯಸ್ಸಿನಲ್ಲೇ ಪಟ್ಟಿ ಸರಿಯಾಗಿ ಹಾಕಿದ್ದರೆ ಎಂದು ಶುರು ಮಾಡಿದರು. ನಾನೇ ಮಾತು ಮರೆಸಿದೆ. ಫೋನಿನಲ್ಲಾದರೆ ಅಮ್ಮ ನನ್ನ ದನಿ ಕೇಳಿಯೇ ಹಿಡಿದುಬಿಡುತ್ತಾಳೆ, ಅದಕ್ಕೇ ಕಾಗದ. ನಿನಗೂ ಸುಳ್ಳು ಹೇಳಲು ಬರುವುದಿಲ್ಲ, ಗೊತ್ತು. ಅಮ್ಮ ಇನ್ನೊಂದು ಸಲ ಓದಿಸಿಕೊಂಡಾಗ, ಚಹಾ ಬಗ್ಗಿಸಿದ ಕಡೆ ಮಾತ್ರ ನಿಧಾನವಾಗಿ ಓದು. ಅಲ್ಲಿ ಸುಳ್ಳಿಲ್ಲ.