ಡೀಸೆಲ್ ಟ್ರೇಯ ಮೇಲಿನ ಐವತ್ತು ಡಿಗ್ರಿ

ಬೀದರ, ೧೨ ಏಪ್ರಿಲ್ ೨೦೨೫

ಪ್ರೀತಿಯ ಅಪ್ಪನಿಗೆ ಮಗಳು ಮಹಾಮಾಯಾಳ ಜೈಭೀಮ.

ಮೊಣಕಾಲು ನೋವು ಹೇಗಿದೆ? ಔರಾದದ ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಹಾಗೇ ಕುಂತು ಟ್ರ್ಯಾಕ್ಟರ್ ಸಾಮಾನು ತೊಳೆಯಬೇಡ, ಗೋಣಿಚೀಲವನ್ನಾದರೂ ಹಾಸಿಕೋ ಎಂದು ಅವ್ವ ಹೇಳಿದ್ದಾಳೆ. ಅವಳು ಆರಾಮ. ನಾನೂ ಆರಾಮ, ಆದರೆ ಸಿಟ್ಟಿನಲ್ಲಿದ್ದೇನೆ. ನಿನ್ನೆ ಫೋನಿನಲ್ಲಿ ಅಷ್ಟು ಹೇಳಿದರೂ "ಕಾಗದದಾಗ ಐವತ್ತು ಅಂತ ಬರದದ, ನೀ ಸುಮ್ಕಿರು" ಎಂದು ನೀನು ಫೋನ್ ಇಟ್ಟುಬಿಟ್ಟೆ. ಬಾಯಿಮಾತು ನಂಬಬೇಡ, ಬರೆದದ್ದನ್ನು ನಂಬು ಎಂದು ನಿನಗೆ ಕಲಿಸಿದವಳು ನಾನೇ. ಅದಕ್ಕೇ ಈಗ ಬರೆದು, ಔರಾದ ಬಸ್ಸಿನ ಕಂಡಕ್ಟರ್ ನಾಗಸೇನ ಮಾಮನ ಕೈಯಲ್ಲಿ ಇವತ್ತೇ ಕಳಿಸುತ್ತಿದ್ದೇನೆ.

ಗ್ಯಾರೇಜಿನವರಿಗೆಂದು ನಾನು ಬರೆದು ನಿಮ್ಮ ಗೋಡೆಗೆ ಅಂಟಿಸಿದ ಕರಪತ್ರದಲ್ಲಿ ಲೆಕ್ಕ ತಪ್ಪಿದೆ. ಎಷ್ಟು ಶಾಖದಲ್ಲಿ ಎಣ್ಣೆಯ ಆವಿ ಕಿಡಿಗೆ ಭಗ್ಗೆನ್ನಲು ಶುರುವಾಗುತ್ತದೋ ಅದೇ ಫ್ಲ್ಯಾಶ್ ಪಾಯಿಂಟ್. ಡೀಸೆಲಿಗೆ ಸುಮಾರು ಅರವತ್ತು ಡಿಗ್ರಿ, ಪೆಟ್ರೋಲಿಗೆ ಸೊನ್ನೆಗಿಂತ ನಲವತ್ತು ಕೆಳಗೆ. ಗ್ರೀಸು ಬೇಗ ಬಿಡಲೆಂದು ನೀವು ಸಾಮಾನು ತೊಳೆಯುವ ಟ್ರೇಯಲ್ಲಿ ಒಂಬತ್ತು ಲೀಟರ್ ಡೀಸೆಲಿಗೆ ಒಂದು ಲೀಟರ್ ಪೆಟ್ರೋಲ್ ಹಾಕುತ್ತೀರಿ. ನಾನು ಪರೀಕ್ಷೆಯ ಅಂಕಗಳ ಹಾಗೆ ಸರಾಸರಿ ತೆಗೆದು ಐವತ್ತು ಎಂದು ಬರೆದೆ. ಬೀದರದ ಬಿಸಿಲೂ ಅಷ್ಟಿರುವುದಿಲ್ಲ, ಹೆದರಬೇಡಿ ಎಂದೂ ಸೇರಿಸಿದೆ. ಆವಿ ಸರಾಸರಿಯನ್ನು ಕೇಳುವುದಿಲ್ಲ ಅಪ್ಪಾ. ಯಾವುದರ ಆವಿ ಎಷ್ಟು ಏಳುತ್ತದೆ ಎಂದು ಬೇರೆ ಬೇರೆ ಹಿಡಿದು ಕೂಡಿಸಬೇಕು. ಪೆಟ್ರೋಲಿನದೇ ಮೊದಲು ಏಳುತ್ತದೆ. ಹತ್ತರಲ್ಲಿ ಒಂದು ಪಾಲು ಇದ್ದರೂ ಇಡೀ ಟ್ರೇಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಎರಡನೇ ಸಲ ಅಚ್ಚು ಹಾಕಿಸುವ ಮೊದಲು ಒರೆಹಚ್ಚಿ ನೋಡೋಣವೆಂದು, ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳತಿ ಅರ್ಶಿಯಾಳ ಬಳಿ ಅದೇ ಮಿಶ್ರಣ ಒಯ್ದೆ. ಅವಳು ಮುಚ್ಚಳದ ಬಟ್ಟಲಿಗೆ ಹಾಕಿ, ಬಿಸಿ ಮಾಡುವ ಮೊದಲೇ ಒಮ್ಮೆ ಸಣ್ಣ ಜ್ವಾಲೆ ತೋರಿಸಿದಳು. ಭಗ್ ಎಂದಿತು. "ಏ ಮಾಯಾ, ನಿನ್ನ ಐವತ್ತು ಎಲ್ಲಿ ಹೋಯ್ತ? ನಾ ಇನ್ನಾ ಸ್ವಿಚ್ಚೇ ಹಾಕಿಲ್ಲ!" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಆ ಐವತ್ತನ್ನು ನಂಬಿಯೇ ನೀನು ಬಿಸಿಲು ತಪ್ಪಿಸಲು ಟ್ರೇಯನ್ನು ಅಂಗಳದಿಂದ ಒಳಗೆ, ವೆಲ್ಡಿಂಗ್ ಮಾಡುವ ಜಾಗದ ಪಕ್ಕಕ್ಕೆ ತಂದಿದ್ದೀ.

ಕರಪತ್ರ ಬರೆಯುವುದನ್ನು ನಾನು ಬಿಡುವುದಿಲ್ಲ. ಕೂಲಿಕಾರನ ಭಾಷೆಯಲ್ಲಿ ವಿಜ್ಞಾನ ಇರಲೇಬೇಕು. ಸುಳ್ಳು ವಿಜ್ಞಾನ ಇರಬಾರದು, ಅಷ್ಟೇ. ಭಾಲ್ಕಿಯ ಆರು ಗ್ಯಾರೇಜು, ಭಾತಂಬ್ರಾದ ಒಂದು, ಎಲ್ಲ ಕಡೆ ನಾನೇ ಹೋಗಿ ಆ ಕರಪತ್ರ ಹರಿದು ಬಂದೆ. ಉಳಿದದ್ದು ನಿನ್ನದೊಂದೇ. ಅದನ್ನು ಹರಿ, ಟ್ರೇ ಹೊರಗಿಡು, ಪೆಟ್ರೋಲ್ ಬೆರೆಸುವುದನ್ನು ಇವತ್ತೇ ನಿಲ್ಲಿಸು.

ಅಲ್ಲಿ ದುಡಿಯುವ ಎಲ್ಲರಿಗೂ ನನ್ನ ನಮಸ್ಕಾರ ಮುಟ್ಟಿಸು.

ನಿನ್ನ ಮಗಳು,
ಮಹಾಮಾಯಾ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಕರಪತ್ರ ಅಂಟಿಸಲು ನಾನು ಬಂದ ದಿನ, ನಿಮ್ಮ ಹಿರಿಯ ಮೇಸ್ತ್ರಿ ಫಕ್ರೋದ್ದೀನ ಚಾಚಾ ಟ್ರೇ ತೋರಿಸಿ ನಿನಗೆ "ಬ್ಯಾಡ ನರಸಿಂಗ, ಇದರ ವಾಸನಿಗೇ ಬೆಂಕಿ ಹತ್ತತದ" ಎಂದಿದ್ದರು. ನಾನು ಎಲ್ಲರೆದುರು "ನಿಮಗ ಓದಾಕ ಬರಲ್ಲ, ಸುಮ್ಕಿರ್ರಿ ಚಾಚಾ" ಎಂದುಬಿಟ್ಟೆ. ಜೊತೆಗಿರುವ ಚೀಟಿ ಅವರಿಗೆ. ನಾಲ್ಕೇ ಸಾಲು. ನೀನೇ ಓದಿ ಹೇಳಬೇಕು. ಆ ದಿನ ಇದ್ದವರೆಲ್ಲ ಇರುವಾಗ, ಗಟ್ಟಿಯಾಗಿ, ನನ್ನ ಹೆಸರು ಬಿಡದೆ.