ಬೆಳಕಿಂಡಿಯ ಮೇಲೆ ಕೂತ ಸೋಲಾರ್

ಹಳೇ ಮನೆಗಳನ್ನೆಲ್ಲ ಹಸಿರು ಮನೆ ಮಾಡಲು ಹೊರಟಿರುವ ಯೋಜನಾಧಿಕಾರಿಗಳೇ,

ಮೊಳಕಾಲ್ಮುರಿನ ಅಂಚಿನಲ್ಲಿರುವ ನಮ್ಮ ಮಣ್ಣಿನ ಮಾಳಿಗೆ ಮನೆಗೆ ತಾವು ಸೋಲಾರ್ ದಯಪಾಲಿಸಿದಂದಿನಿಂದ ನಾವು ಮಟಮಟ ಮಧ್ಯಾಹ್ನ ಕತ್ತಲಲ್ಲಿ ಕೂತಿದ್ದೇವೆ. ಮಾಳಿಗೆಗಿದ್ದ ಒಂದೇ ಒಂದು ಬೆಳಕಿಂಡಿಯ ಮೇಲೆ ತಮ್ಮವರು ಸೋಲಾರ್ ಹಲಗೆ ಕೂರಿಸಿ ಹೋಗಿದ್ದಾರೆ. ಸೂರ್ಯನನ್ನು ಅಡ್ಡಗಟ್ಟಿ, ಅವನಿಂದಲೇ ಕರೆಂಟು ತೆಗೆದು, ಅದರಿಂದ ಬಲ್ಬು ಉರಿಸಿ, ಅವನು ಬಿಟ್ಟಿಯಾಗಿ ಕೊಡುತ್ತಿದ್ದ ಬೆಳಕನ್ನು ಅರೆಬರೆ ವಾಪಸು ಪಡೆಯುವ ಈ ವಿದ್ಯೆಗೆ ತಮ್ಮ ಇಲಾಖೆಯಲ್ಲಿ ಏನೆನ್ನುತ್ತಾರೆ? ನಮ್ಮ ಕಡೆ ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಎನ್ನುತ್ತಾರೆ.

ಆ ಕಿಂಡಿಯ ನೇರ ಕೆಳಗೆ ನಮ್ಮತ್ತೆ ರಾಧಮ್ಮನವರ ಗುಂಡಿ ಮಗ್ಗವಿದೆ. ನೇಕಾರರ ಮನೆಯಲ್ಲಿ ಮೊದಲು ಮಗ್ಗದ ಗುಂಡಿ ತೋಡುತ್ತಾರೆ, ಅದರ ನೆತ್ತಿಗೆ ಕಿಂಡಿ ಬಿಡುತ್ತಾರೆ, ಅಡುಗೆಮನೆ ದೇವರಮನೆಯೆಲ್ಲ ಆಮೇಲೆ. ಇದನ್ನು ನನ್ನ ಗಂಡ ಚೌಡೇಶ ತಾವು ಕಳಿಸಿದ ಮೇಸ್ತ್ರಿಗೆ ಕೈಮುಗಿದು ಹೇಳಿದರು.

"ತೊಲೆ ಗಟ್ಟಿ ಇರೋದು ಇಲ್ಲೊಂದೇ ಕಡೆ ಸಾ. ಬೆಳಕು ಬೇಕಂದ್ರೆ ಬಲ್ಬ್ ಹಾಕ್ಕಳ್ರಿ, ಈಗ ಕರೆಂಟು ನಿಮ್ದೇ ಐತಲ್ಲ" ಎಂದ ಆತ. ಈ ಸೋಲಾರನ್ನು ಊರಿನ ಲೈನಿಗೇ ಜೋಡಿಸಿದ್ದಾರೆ, ಊರಿಗೆ ಕರೆಂಟು ಹೋದರೆ ನಮ್ಮದೂ ಹೋಗುತ್ತದೆ ಎಂಬುದು ಆಮೇಲೆ ತಿಳಿಯಿತು. ಹೊರಗೆ ಬಿಸಿಲು ರಣರಣ, ಒಳಗೆ ನಾವು ಮೇಣದಬತ್ತಿ ಹುಡುಕುತ್ತೇವೆ. ಬಾಗಿಲ ಮೇಲೆ ಮಾತ್ರ 'ಮಾದರಿ ಹಸಿರು ಮನೆ' ಎಂಬ ಫಲಕ ಹೊಳೆಯುತ್ತಿದೆ.

ರೇಷ್ಮೆಯ ಕಡುನೀಲಿ ಯಾವುದು, ಕಪ್ಪು ಯಾವುದು ಎಂದು ಬಿಸಿಲು ಹೇಳುತ್ತದೆ, ತಮ್ಮ ಬಲ್ಬು ಹೇಳುವುದಿಲ್ಲ. ಕಳೆದ ತಿಂಗಳು ಮದುವೆ ಸೀರೆಯೊಂದರ ಸೆರಗಿನಲ್ಲಿ ಅತ್ತೆ ನೀಲಿ ಇರಬೇಕಾದಲ್ಲಿ ಗೇಣುದ್ದ ಕಪ್ಪು ನೇಯ್ದುಬಿಟ್ಟರು. ಸೀರೆಯನ್ನು ಮಗ್ಗದಿಂದ ಇಳಿಸಿ ಅಂಗಳಕ್ಕೆ ತಂದಾಗಲೇ ಗೊತ್ತಾಗಿದ್ದು. ಮದುವೆ ಸೀರೆಯಲ್ಲಿ ಕಪ್ಪು! ಅವರು ಸೆರಗನ್ನು ಸವರಿ, "ನನ್ ಕಣ್ಣು ಹೋದ್ವು ಕಣಮ್ಮಾ. ಇನ್ನ ನಾನು ಮಗ್ಗಕ್ಕೆ ಇಳಿಯಲ್ಲ" ಎಂದರು.

ನಾನು ಕಡುನೀಲಿಯದೊಂದು, ಕಪ್ಪಿನದೊಂದು ಲಡಿ ನೂಲು ತಂದು ಬಿಸಿಲಲ್ಲಿ ಹಿಡಿದೆ. ಯಾವುದು ಯಾವ ಬಣ್ಣವೆಂದು ಥಟ್ಟನೆ ಸರಿಯಾಗಿ ಹೇಳಿದರು. "ನೋಡ್ರಿ ಅತ್ತೆ, ಕಣ್ಣು ಚೆನ್ನಾಗೇ ಐತೆ" ಎಂದರೆ, "ಹೊರಗ್ ಕಂಡ್ರೆ ಏನ್ ಬಂತಮ್ಮಾ? ಮಗ್ಗ ಒಳಗೈತೆ" ಎಂದು ಮುಖ ತಿರುಗಿಸಿದರು. ಅಂದಿನಿಂದ ಮಗ್ಗದ ಕಡೆ ಸುಳಿದಿಲ್ಲ.

ಚಳ್ಳಕೆರೆಯ ತಮ್ಮ ಕಚೇರಿಗೂ ಬಂದೆ. ಹಲಗೆಯನ್ನು ಐದು ವರ್ಷ ಅಲುಗಿಸುವಂತಿಲ್ಲವಂತೆ. ಬೇರೆ ಕಿಂಡಿ ತೆಗೆಯೋಣವೆಂದರೆ ಯೋಜನೆಗೆ ಸೇರಿದ ಮಾಳಿಗೆಯನ್ನು ಮುಟ್ಟುವಂತಿಲ್ಲವಂತೆ. "ಮಗ್ಗನೇ ಆಕಡೆ ಸರಿಸ್ಕಳ್ರಿ ಮೇಡಂ" ಎಂದರು ತಮ್ಮ ಗುಮಾಸ್ತರು. ನೆಲದಲ್ಲಿ ತೋಡಿದ ಗುಂಡಿಯನ್ನು ಸರಿಸುವ ಯಂತ್ರವೂ ಯೋಜನೆಯಲ್ಲಿದೆಯೇ? ನಮ್ಮ ಮನೆಯಲ್ಲೇ ನಾವು ಸೆರೆಯಾಗಿದ್ದೇವೆ ಸ್ವಾಮಿ.

ಆ ಒಂದು ಹಲಗೆಯನ್ನು ತೆಗೆಸಿ. ತೆಗೆಸುವ ದಿನ ತಾವೇ ಖುದ್ದಾಗಿ ಬಂದು, ತಪ್ಪು ಹಲಗೆಯದು, ಕಣ್ಣಿನದಲ್ಲ ಎಂದು ಅತ್ತೆಗೆ ಹೇಳಿ. ನಾನು ಹೇಳಿದರೆ ಸೊಸೆ ಸಮಾಧಾನ ಮಾಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಸರ್ಕಾರದವರು ಹೇಳಿದರೆ ನಂಬುತ್ತಾರೆ. ತಮ್ಮ ಮೇಲೆ ಅಷ್ಟು ನಂಬಿಕೆ ಅವರಿಗೆ ಇನ್ನೂ ಇದೆ.

ಇಂತಿ,
ಅಲುಗಾಡಲಾಗದ ಫಲಾನುಭವಿ,
ಶಶಿರೇಖಾ, ಮೊಳಕಾಲ್ಮುರು